ಬ್ಯಾಟರಿಯನ್ನು ಮೊದಲು ಕಟ್ಟಿದ ಅಲೆಸ್ಸಾಂದ್ರೊ ವೋಲ್ಟನ ಚರಿತ್ರೆ

ಮಂಗಳೂರು ಪಟ್ಟಣದ ಬೋಳೂರಿನಲ್ಲಿ, ಗುರುಪುರ ಹೊಳೆಯ ದಡದ ಮೇಲೆ, ಕಪ್ಪು ಕಲ್ಲಿನಿಂದ ಕಟ್ಟಿದ ಒಂದು ಚಿಕ್ಕ ಕಾವಲುಕೋಟೆಯುಂಟು. ಶತ್ರುಗಳ ಯುದ್ಧನೌಕೆಗಳು ಹೊಳೆಯೊಳಗೆ ನುಗ್ಗದ ಹಾಗೆ ಟಿಪ್ಪು ಸುಲ್ತಾನನು 1784ನೆಯ ಇಸವಿಯಲ್ಲಿ ಅದನ್ನು ಕಟ್ಟಿಸಿದನು. ಜನರು ಅದನ್ನು ಸುಲ್ತಾನ್ ಬತ್ತೇರಿ ಎಂದು ಕರೆಯುತ್ತಾರೆ. ಬತ್ತೇರಿ ಎಂಬದು ಬ್ಯಾಟರಿ ಎಂಬ ಪರದೇಶದ ಮಾತಿನ ನಮ್ಮೂರ ರೂಪ. ಫಿರಂಗಿಗಳನ್ನು ಸಾಲಾಗಿ ನಿಲ್ಲಿಸಿ ಒಟ್ಟಿಗೆ ಹಾರಿಸುವ ಸ್ಥಳಕ್ಕೆ ಆ ಹೆಸರು ಸಲ್ಲುತ್ತದೆ. ನಮ್ಮ ಹಳ್ಳಿಗಳಲ್ಲಿ ಸೂಟೆಯ ಬದಲಾಗಿ ಬಂದ ಕೈದೀಪಕ್ಕೂ ಬ್ಯಾಟ್ರಿ ಎಂದೇ ಹೆಸರು. ಕೋಟೆಯ ಬತ್ತೇರಿಯೂ ಕೈಯಲ್ಲಿರುವ ಬ್ಯಾಟ್ರಿಯೂ ಒಂದೇ ಮಾತೆಂದು ಅನೇಕರು ಯೋಚಿಸಿರಲಿಕ್ಕಿಲ್ಲ. ಅಮೇರಿಕ ದೇಶದ ಬೆಂಜಮಿನ್ ಫ್ರಾಂಕ್ಲಿನನು, ವಿದ್ಯುತ್ತನ್ನು ಕೂಡಿಸಿಡುವ ಗಾಜಿನ ಭರಣಿಗಳನ್ನು ಸಾಲಾಗಿ ಜೋಡಿಸಿ, ಅವೆಲ್ಲವುಗಳ ಬಲವು ಒಂದೇ ಏಟಿಗೆ ಹೊರಡುವಂತೆ ಮಾಡಿ, ಆ ಸಾಲಿಗೆ ಫಿರಂಗಿಸಾಲಿನ ಹೆಸರನ್ನೇ ಇಟ್ಟನು. ಆದರೆ ಆ ಭರಣಿಗಳ ಬಲವು ಒಂದು ಕಿಡಿಯಲ್ಲಿ ತೀರಿಹೋಗುತ್ತಿತ್ತು. ತೊರೆಯ ನೀರಿನಂತೆ ಎಡೆಬಿಡದೆ ಹರಿಯುವ ವಿದ್ಯುತ್ತನ್ನು ಕೊಡುವ ಬ್ಯಾಟರಿಯನ್ನು ಮೊದಲು ಕಟ್ಟಿದವನು ಇಟಲಿ ದೇಶದ ಅಲೆಸ್ಸಾಂದ್ರೊ ವೋಲ್ಟನು. ಅವನ ಜೀವಮಾನದ ಸಂಗತಿಗಳನ್ನೂ ಅವನು ಕಟ್ಟಿದ ವಸ್ತುವು ಕೆಲಸಮಾಡುವ ಕ್ರಮವನ್ನೂ ವಾಚಕರು ತಿಳಿಯುವುದು ಒಳ್ಳೇದೆಂದು ಇಲ್ಲಿ ಬರೆಯುತ್ತೇವೆ.

ವೋಲ್ಟನು 1745ನೆಯ ಇಸವಿ ಫೆಬ್ರವರಿ 18ರಂದು ಉತ್ತರ ಇಟಲಿಯ ಕೋಮೊ ಎಂಬ ಪಟ್ಟಣದಲ್ಲಿ ಹುಟ್ಟಿದನು. ಆ ಪಟ್ಟಣವು ಹಿಮಪರ್ವತಗಳ ಬುಡದಲ್ಲಿ, ಒಂದು ದೊಡ್ಡ ಸರೋವರದ ತೀರದಲ್ಲಿದೆ. ಆಗ ಆ ಸೀಮೆಯು ಆಸ್ಟ್ರಿಯದ ಅರಸರ ಕೈಕೆಳಗಿತ್ತು. ಅವನ ಮನೆತನವು ಹೆಸರಿನಲ್ಲಿ ದೊಡ್ಡದು, ಹಣದಲ್ಲಿ ಚಿಕ್ಕದು. ಮಗುವು ನಾಲ್ಕು ವರುಷವಾಗುವ ತನಕ ಸರಿಯಾಗಿ ಮಾತಾಡದೆ ಇದ್ದದರಿಂದ ಮನೆಯವರು ಅವನನ್ನು ಮಂದಬುದ್ಧಿಯವನೆಂದು ಎಣಿಸಿ ದುಃಖಪಟ್ಟರೆಂದು ಹೇಳುತ್ತಾರೆ. ಅವನಿಗೆ ಸುಮಾರು ಏಳು ವರುಷವಾದಾಗ ತಂದೆಯು ತೀರಿಕೊಂಡನು. ಹುಡುಗನನ್ನು ಓದಿಸುವ ಭಾರವು ಚಿಕ್ಕಪ್ಪಂದಿರ ಮೇಲೆ ಬಿತ್ತು. ಶಾಲೆಯ ಗುರುಗಳು ಅವನನ್ನು ತಮ್ಮ ಸನ್ಯಾಸಿಗಳ ಸಂಘಕ್ಕೆ ಸೇರಿಸಿಕೊಳ್ಳಲು ಬಯಸಿದರು. ಮನೆಯವರು ಅವನು ವಕೀಲನಾಗಬೇಕೆಂದು ಬಯಸಿದರು. ಅವನಾದರೋ ಈ ಎರಡನ್ನೂ ಬಿಟ್ಟು, ಮಿಂಚು, ಗಾಳಿ, ಕಿಡಿ, ಕಾಂತ ಇವುಗಳ ವಿಷಯವಾದ ಪುಸ್ತಕಗಳನ್ನೇ ಹುಡುಕಿ ಓದುತ್ತಿದ್ದನು. ಹದಿನೆಂಟು ವರುಷದ ಪ್ರಾಯದಲ್ಲಿಯೇ ಆ ಕಾಲದ ಹೆಸರಾದ ಪಂಡಿತರಿಗೆ ಕಾಗದಗಳನ್ನು ಬರೆದು ತನ್ನ ಸಂದೇಹಗಳನ್ನು ಕೇಳಲಾರಂಭಿಸಿದನು. ದೊಡ್ಡ ವಿದ್ಯಾಲಯದ ಪದವಿಯು ಅವನಿಗಿರಲಿಲ್ಲ. ಕಣ್ಣಿನಿಂದ ನೋಡಿ, ಕೈಯಿಂದ ಮಾಡಿ ಕಲಿತದ್ದೇ ಹೆಚ್ಚು.

1774ರಲ್ಲಿ ಅವನು ಕೋಮೊ ಪಟ್ಟಣದ ಸರಕಾರೀ ಶಾಲೆಗಳ ಮೇಲ್ವಿಚಾರಕನಾಗಿ ನೇಮಿಸಲ್ಪಟ್ಟನು. ಮರುವರುಷ ಅಲ್ಲಿಯೇ ಭೌತಶಾಸ್ತ್ರದ ಉಪಾಧ್ಯಾಯನಾದನು. ಆ ವರುಷದಲ್ಲಿ ಅವನು ರಾಳದ ಬಿಲ್ಲೆಯನ್ನು ಒಮ್ಮೆ ಉಜ್ಜಿ, ಅದರ ಮೇಲೆ ಲೋಹದ ತಟ್ಟೆಯನ್ನಿಟ್ಟು ಎತ್ತಿ, ಮೇಲಿಂದ ಮೇಲೆ ಕಿಡಿಗಳನ್ನು ಪಡೆಯುವ ಒಂದು ಉಪಕರಣವನ್ನು ಪ್ರಸಿದ್ಧಿಪಡಿಸಿದನು. ಸ್ವೀಡನಿನ ಒಬ್ಬ ಪಂಡಿತನು ಇಂಥದನ್ನು ಮೊದಲೇ ಮಾಡಿದ್ದನು. ವೋಲ್ಟನು ಅದನ್ನು ಎಲ್ಲರ ಕೈಗೆಟಕುವಂತೆ ತಿದ್ದಿದನು.

1776ರಲ್ಲಿ ಮಜ್ಜೋರೆ ಎಂಬ ಸರೋವರದ ಅಂಚಿನ ಜೌಗುನೆಲದಲ್ಲಿ ಅವನು ಕೆಸರನ್ನು ಕೋಲಿನಿಂದ ಕಲಕಿ, ಮೇಲೆದ್ದ ಗುಳ್ಳೆಗಳನ್ನು ನೀರು ತುಂಬಿದ ಬುಡ್ಡಿಗಳಲ್ಲಿ ಹಿಡಿದನು. ಆ ವಾಯುವಿಗೆ ಬೆಂಕಿ ಹಚ್ಚಿದರೆ ನೀಲಿ ಬಣ್ಣದಿಂದ ಉರಿಯಿತು. ನಮ್ಮ ಹಟ್ಟಿಯ ಸೆಗಣಿಯಿಂದ ಗೋಬರ್ ಗ್ಯಾಸಿನ ಒಲೆಯಲ್ಲಿ ಉರಿಯುವುದು ಮುಖ್ಯವಾಗಿ ಇದೇ ವಾಯುವು. ಹೊಲಸಾದ ಕೆಸರಿನಲ್ಲಿ ಇಂಧನವುಂಟೆಂದು ತೋರಿಸಿದವರಲ್ಲಿ ಅವನು ಮೊದಲಿಗನು. ಬಳಿಕ ಆ ವಾಯುವನ್ನು ಒಂದು ಪಾತ್ರೆಯಲ್ಲಿ ತುಂಬಿ, ವಿದ್ಯುತ್ತಿನ ಕಿಡಿಯಿಂದ ಸಿಡಿಸುವ ಒಂದು ತರದ ಪಿಸ್ತೂಲನ್ನು ಮಾಡಿದನು. ಕೋಮೊದಿಂದ ಸುಮಾರು 40 ಕಿಲೊಮೀಟರ್ ದೂರದಲ್ಲಿರುವ ಮಿಲಾನಿಗೆ ಮರದ ಕಂಬಗಳ ಮೇಲೆ ತಂತಿಯನ್ನು ಎಳೆದರೆ, ಇಲ್ಲಿ ಕಿಡಿ ಬಿಟ್ಟು ಅಲ್ಲಿಯ ಪಿಸ್ತೂಲನ್ನು ಸಿಡಿಸಬಹುದೆಂದು 1777ರಲ್ಲಿ ಒಂದು ಕಾಗದದಲ್ಲಿ ಬರೆದನು. ತಂತಿಯ ವರ್ತಮಾನವು ಲೋಕಕ್ಕೆ ಬರುವುದಕ್ಕೆ ಆಗ ಇನ್ನೂ ಅರುವತ್ತು ವರುಷವಿತ್ತು! ಅದೇ ವರುಷ ಸ್ವಿಟ್ಜರ್ಲೆಂಡ್ ದೇಶದಲ್ಲಿ ಸಂಚಾರಮಾಡಿ ಹಿಂತಿರುಗುವಾಗ ಅವನು ಬಟಾಟೆಯ ಬೇಸಾಯವನ್ನು ತನ್ನ ಸೀಮೆಗೆ ತಂದನೆಂದು ಅವನ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಅದು ನಿಜವಾಗಿದ್ದರೆ ಅವನ ನೆರೆಹೊರೆಯ ಬಡವರಿಗೆ ಅವನ ಯಾವ ಉಪಕರಣಕ್ಕಿಂತಲೂ ಅದೇ ಹೆಚ್ಚು ಉಪಕಾರವಾಗಿರಬೇಕು.

1778ರಲ್ಲಿ ಅವನು ಪಾವಿಯ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾದನು; ಸುಮಾರು ನಾಲ್ವತ್ತು ವರುಷ ಆ ಪದವಿಯಲ್ಲಿದ್ದನು. ಜರ್ಮನಿ, ಹಾಲೆಂಡ್, ಫ್ರಾನ್ಸ್, ಇಂಗ್ಲೆಂಡ್ ದೇಶಗಳಲ್ಲಿ ತಿರುಗಿ ಆ ಕಾಲದ ದೊಡ್ಡ ಪಂಡಿತರ ಪರಿಚಯ ಮಾಡಿಕೊಂಡನು. ತಾನೇ ಮಾಡಿದ ಅತಿ ಸೂಕ್ಷ್ಮವಾದ ಅಳತೆಯ ಉಪಕರಣಗಳಿಂದ, ಬೇರೆಯವರಿಗೆ ಕಾಣದಷ್ಟು ಸ್ವಲ್ಪವಾದ ವಿದ್ಯುತ್ತನ್ನೂ ಅವನು ಅಳೆಯಬಲ್ಲವನಾದನು. ಈ ಅಳತೆಯ ಅಭ್ಯಾಸವೇ ಮುಂದೆ ಅವನ ಕೈ ಹಿಡಿಯಿತು.

ಬೊಲೋನ್ಯ ಪಟ್ಟಣದಲ್ಲಿ ಲುಯಿಜಿ ಗಾಲ್ವಾನಿ ಎಂಬ ಸಜ್ಜನನಾದ ವೈದ್ಯನಿದ್ದನು. ಅವನು ಸತ್ತ ಕಪ್ಪೆಯ ಕಾಲುಗಳನ್ನು ಹಿತ್ತಾಳೆಯ ಕೊಕ್ಕೆಗೆ ಸಿಕ್ಕಿಸಿ ಕಬ್ಬಿಣದ ಸರಳಿಗೆ ತಗಲಿಸಿದಾಗ, ಆ ಕಾಲುಗಳು ಜೀವವಿದ್ದಂತೆ ಅದುರಿದವು. ಸತ್ತ ಪ್ರಾಣಿಯ ನರಗಳಲ್ಲಿ ಒಂದು ವಿಧವಾದ ವಿದ್ಯುತ್ತು ಅಡಗಿದೆ, ಲೋಹವು ಅದಕ್ಕೆ ದಾರಿಮಾಡುತ್ತದೆ ಎಂದು ಅವನು ತಿಳಿದು, 1791ರಲ್ಲಿ ಒಂದು ಪುಸ್ತಕವನ್ನು ಬರೆದನು. ಆ ಪುಸ್ತಕವು ಯುರೋಪಿನಲ್ಲೆಲ್ಲಾ ಕೋಲಾಹಲವನ್ನೆಬ್ಬಿಸಿತು. ಕಪ್ಪೆಗಳಿಗೆ ಅದು ಕೆಟ್ಟ ಕಾಲವಾಗಿತ್ತು; ಪಂಡಿತರ ಮನೆಯ ಸುತ್ತಲಿನ ಕೊಳಗಳಲ್ಲಿ ಅವು ಉಳಿಯಲಿಲ್ಲ. ವೋಲ್ಟನು ಸಹ ಮೊದಲು ಆ ಪುಸ್ತಕವನ್ನು ನಂಬಿ ಹೊಗಳಿದನು. ಆದರೆ 1792ರಲ್ಲಿ ತಾನೇ ಆ ಪರೀಕ್ಷೆಗಳನ್ನು ಮಾಡಿ ನೋಡುತ್ತಿರುವಾಗ ಅವನಿಗೆ ಒಂದು ಸಂಗತಿಯು ಕಣ್ಣಿಗೆ ಬಿತ್ತು. ಕೊಕ್ಕೆಯೂ ಸರಳೂ ಒಂದೇ ಲೋಹದ್ದಾಗಿದ್ದರೆ ಕಾಲು ಅದುರುವುದು ಬಹಳ ಕಡಿಮೆ. ಎರಡು ಬೇರೆ ಬೇರೆ ಲೋಹಗಳಾದರೆ ಬಲವಾಗಿ ಅದುರುವುದು. ಹಾಗಾದರೆ ವಿದ್ಯುತ್ತು ಕಪ್ಪೆಯಿಂದ ಬರುವದೋ, ಎರಡು ಲೋಹಗಳಿಂದ ಬರುವದೋ?

ಕಪ್ಪೆಯನ್ನು ಬಿಟ್ಟು ಅವನು ತನ್ನ ನಾಲಿಗೆಯನ್ನೇ ಪರೀಕ್ಷೆಗೆ ಕೊಟ್ಟನು. ನಾಲಿಗೆಯ ತುದಿಯಲ್ಲಿ ತವರದ ತೆಳು ಹಾಳೆಯನ್ನೂ ಹಿಂಬದಿಯಲ್ಲಿ ಬೆಳ್ಳಿಯ ನಾಣ್ಯವನ್ನೂ ಇಟ್ಟು, ಅವೆರಡನ್ನೂ ಒಂದಕ್ಕೊಂದು ಮುಟ್ಟಿಸಿದಾಗ ಬಾಯಲ್ಲಿ ಹುಳಿಯಾದ ರುಚಿಯು ಹುಟ್ಟಿತು. ಮುಟ್ಟಿಸುವುದನ್ನು ಬಿಟ್ಟರೆ ರುಚಿಯೂ ನಿಂತಿತು. ನಾಲಿಗೆಯು ಇಲ್ಲಿ ಒದ್ದೆಯಾದ ಒಂದು ವಸ್ತುವಿನ ಕೆಲಸವನ್ನು ಮಾತ್ರ ಮಾಡುತ್ತದೆಂದು ಅವನು ತಿಳಿದನು. ಹಲ್ಲಿಗೆ ಲೋಹವನ್ನು ತುಂಬಿಸಿಕೊಂಡವರು ಚಾಕಲೇಟಿನ ಬೆಳ್ಳಿಕಾಗದವನ್ನು ಅರಿಯದೆ ಕಚ್ಚಿದರೆ ಚುರುಕ್ಕೆನ್ನುವುದು ಇದೇ ಕಾರಣದಿಂದ. ಸತು, ಸೀಸ, ತವರ, ಕಬ್ಬಿಣ, ತಾಮ್ರ, ಬೆಳ್ಳಿ ಹೀಗೆ ಲೋಹಗಳನ್ನು ಒಂದು ಸಾಲಿನಲ್ಲಿಟ್ಟು, ಸಾಲಿನಲ್ಲಿ ಒಂದಕ್ಕೊಂದು ಎಷ್ಟು ದೂರವೋ ಅಷ್ಟು ಬಲವು ಹೆಚ್ಚೆಂದು ಅವನು ಅಳೆದು ತೋರಿಸಿದನು.

ಪಂಡಿತರಲ್ಲಿ ಎರಡು ಪಕ್ಷಗಳಾದವು. ಅನೇಕ ವರುಷ ವಾದವು ನಡೆಯಿತು. ಆದರೂ ಈ ಇಬ್ಬರು ಮುಖ್ಯಸ್ಥರು ಒಬ್ಬರನ್ನೊಬ್ಬರು ಹೀನವಾಗಿ ಬರೆಯಲಿಲ್ಲ. ವೋಲ್ಟನು ಗಾಲ್ವಾನಿಯನ್ನು ಬರಹದಲ್ಲಿ ಸನ್ಮಾನದಿಂದಲೇ ಕಂಡನು; ಹರಿಯುವ ವಿದ್ಯುತ್ತಿಗೆ ಗಾಲ್ವಾನಿಯ ಹೆಸರು ರೂಢಿಗೆ ಬಂದಾಗ ಅದನ್ನು ತಡೆಯಲೂ ಇಲ್ಲ. ಗಾಲ್ವಾನಿಯ ಅಂತ್ಯವು ದುಃಖಕರವಾಗಿತ್ತು. ಫ್ರೆಂಚರ ಸೈನ್ಯವು ಇಟಲಿಯನ್ನು ಗೆದ್ದು ಸ್ಥಾಪಿಸಿದ ಹೊಸ ರಾಜ್ಯಕ್ಕೆ ಪ್ರಮಾಣಮಾಡಲು ಅವನ ಮನಸ್ಸಾಕ್ಷಿಯು ಒಪ್ಪಲಿಲ್ಲ. ಆದದರಿಂದ ಅವನ ಉದ್ಯೋಗವು ಹೋಯಿತು. 1798ನೆಯ ಇಸವಿ ದಶಂಬರ 4ರಂದು ಅವನು ಬಡತನದಲ್ಲಿ ತೀರಿಕೊಂಡನು. ವೋಲ್ಟನಾದರೋ ಆಸ್ಟ್ರಿಯದವರು ಆಳಿದಾಗ ಅವರಿಗೂ, ಫ್ರೆಂಚರು ಬಂದಾಗ ಅವರಿಗೂ, ಆಸ್ಟ್ರಿಯದವರು ಮರಳಿ ಬಂದಾಗ ಪುನಃ ಅವರಿಗೂ ತಲೆಬಾಗಿ ತನ್ನ ಕೆಲಸವನ್ನು ಉಳಿಸಿಕೊಂಡನು. ವಾದದಲ್ಲಿ ಗೆದ್ದವನು ವೋಲ್ಟನೆಂದು ಲೋಕವು ಹೇಳುತ್ತದೆ. ಈ ಒಂದು ವಿಷಯದಲ್ಲಿ ನಮ್ಮ ಮನಸ್ಸು ಗಾಲ್ವಾನಿಯ ಕಡೆಗೆ ವಾಲುತ್ತದೆ. ಅಲ್ಲದೆ ಗಾಲ್ವಾನಿಯ ಮಾತು ಪೂರಾ ಸುಳ್ಳೂ ಅಲ್ಲ. ಪ್ರಾಣಿಯ ನರಗಳಲ್ಲಿಯೂ ಹೃದಯದಲ್ಲಿಯೂ ವಿದ್ಯುತ್ತು ನಿಜವಾಗಿಯೂ ಉಂಟು. ಆಸ್ಪತ್ರೆಯಲ್ಲಿ ಎದೆಗೆ ತಂತಿಗಳನ್ನು ಅಂಟಿಸಿ ಹೃದಯದ ಮಿಡಿತವನ್ನು ಕಾಗದದ ಮೇಲೆ ಗೆರೆಯಾಗಿ ಇಳಿಸುವಾಗ ವೈದ್ಯರು ನೋಡುವುದು ಅದನ್ನೇ.

ಲೋಹಗಳ ಒಂದು ಜೋಡಿಯಿಂದ ಬರುವ ಬಲವು ಬಹಳ ಸ್ವಲ್ಪ. ಅನೇಕ ಜೋಡಿಗಳ ಬಲವನ್ನು ಕೂಡಿಸುವುದು ಹೇಗೆ? ಮುಟ್ಟಿದವರ ಕೈಯನ್ನು ಜೋಮು ಹಿಡಿಸುವ ಒಂದು ತೊರಕೆಯ ಜಾತಿಯ ಮೀನಿನ ಶರೀರದಲ್ಲಿ, ಬಿಲ್ಲೆಗಳನ್ನು ಅಟ್ಟಿಯಿಟ್ಟಂತೆ ತೆಳುವಾದ ಪದರಗಳ ಕಂಬಗಳಿವೆ. ಇದು ವೋಲ್ಟನ ಮನಸ್ಸಿನಲ್ಲಿತ್ತು. 1799ರ ಕೊನೆಯಲ್ಲಿ ಅವನು ಬೆಳ್ಳಿಯ ಒಂದು ಬಿಲ್ಲೆ, ಅದರ ಮೇಲೆ ಸತುವಿನ ಒಂದು ಬಿಲ್ಲೆ, ಅದರ ಮೇಲೆ ಉಪ್ಪುನೀರಿನಲ್ಲಿ ನೆನಸಿದ ದಪ್ಪ ಕಾಗದದ ಒಂದು ಬಿಲ್ಲೆ, ಪುನಃ ಬೆಳ್ಳಿ, ಸತು, ಕಾಗದ ಎಂಬದಾಗಿ ಮೂವತ್ತು ನಾಲ್ವತ್ತು ಜೋಡಿಗಳನ್ನು ಒಂದರ ಮೇಲೊಂದು ಪೇರಿಸಿದನು. ಬೆಳ್ಳಿಗೆ ಬದಲಾಗಿ ತಾಮ್ರವೂ ಆಗುತ್ತಿತ್ತು. ಅಟ್ಟಿಯ ಬುಡಕ್ಕೂ ತಲೆಗೂ ಒದ್ದೆಯಾದ ಕೈಗಳನ್ನು ಮುಟ್ಟಿಸಿದಾಗ ತೋಳಿನ ತನಕ ಪೆಟ್ಟು ಬಿತ್ತು. ಭರಣಿಯ ಪೆಟ್ಟಿನ ಹಾಗೆ ಒಂದು ಸಲ ಬಿದ್ದು ತೀರಲಿಲ್ಲ. ಮುಟ್ಟಿದಷ್ಟು ಸಲ ಬಿತ್ತು. ಅವನು ಕಡ್ಡಿಗಳನ್ನು ಕಿವಿಗಳಲ್ಲಿಟ್ಟು ಪರೀಕ್ಷಿಸಿ, ಒಳಗೆ ಏನೋ ಕುದಿಯುವಂಥ ಶಬ್ದವನ್ನು ಸಹ ಕೇಳಿದನು. ಇದು ಅಪಾಯವೆಂದು ತೋರಿದ್ದರಿಂದ ಆ ಪರೀಕ್ಷೆಯನ್ನು ಮುಂದುವರಿಸಲಿಲ್ಲ. ಒಳ್ಳೇದೇ ಮಾಡಿದನು.

1800ನೆಯ ಇಸವಿ ಮಾರ್ಚ್ 20ರಂದು ಅವನು ಕೋಮೊದಿಂದ ಲಂಡನಿನ ರಾಜಮನ್ನಣೆಯ ವಿದ್ವತ್ಸಭೆಯ ಅಧ್ಯಕ್ಷನಾದ ಜೋಸೆಫ್ ಬ್ಯಾಂಕ್ಸನಿಗೆ ಫ್ರೆಂಚ್ ಭಾಷೆಯಲ್ಲಿ ಒಂದು ದೀರ್ಘವಾದ ಕಾಗದವನ್ನು ಬರೆದನು. ಯುದ್ಧಕಾಲವಾದದರಿಂದ ಕಾಗದವು ಎರಡು ಭಾಗವಾಗಿ ಹೋಯಿತು. ಅದು ಸಭೆಯಲ್ಲಿ ಓದಲ್ಪಟ್ಟದ್ದು ಜೂನ್ 26ರಂದು. ಅಷ್ಟರೊಳಗೆ ಅದರ ಸುದ್ದಿಯನ್ನು ತಿಳಿದ ನಿಕೊಲ್ಸನ್ ಮತ್ತು ಕಾರ್ಲೈಲ್ ಎಂಬ ಇಬ್ಬರು ಮೇ ತಿಂಗಳಿನಲ್ಲಿಯೇ ಅಂಥ ಅಟ್ಟಿಯನ್ನು ಕಟ್ಟಿ, ಅದರ ತಂತಿಗಳನ್ನು ನೀರಿನಲ್ಲಿ ಅದ್ದಿ, ನೀರನ್ನು ಜಲಜನಕ, ಆಮ್ಲಜನಕ ಎಂಬ ಎರಡು ವಾಯುಗಳಾಗಿ ಒಡೆದುಬಿಟ್ಟರು. ಏಳು ವರುಷಗಳ ಮೇಲೆ ಹಂಫ್ರಿ ಡೇವಿ ಎಂಬವನು ದೊಡ್ಡ ಬ್ಯಾಟರಿಗಳಿಂದ, ಅಲ್ಲಿಯ ತನಕ ಯಾರೂ ನೋಡದೆ ಇದ್ದ ಪೊಟಾಸಿಯಂ, ಸೋಡಿಯಂ ಎಂಬ ಲೋಹಗಳನ್ನು ಹೊರಡಿಸಿದನು. 1801ರಲ್ಲಿ ವೋಲ್ಟನು ಪ್ಯಾರಿಸಿಗೆ ಹೋಗಿ ನೆಪೋಲಿಯನನ ಮುಂದೆ ತನ್ನ ಉಪಕರಣವನ್ನು ತೋರಿಸಿದಾಗ, ಚಿನ್ನದ ಪದಕವು ಅವನಿಗೆ ದೊರಕಿತು. ಮುಂದೆ ಪಿಂಚಣಿಯೂ, 1810ರಲ್ಲಿ ಕೌಂಟ್ ಎಂಬ ಬಿರುದೂ ಬಂದವು. ಮುಪ್ಪು ಬಂತೆಂದು ಕೆಲಸ ಬಿಡಲು ಅಪೇಕ್ಷಿಸಿದಾಗ ನೆಪೋಲಿಯನನು ಬಿಡಲೊಪ್ಪಲಿಲ್ಲ.

ಇಷ್ಟು ದೊಡ್ಡ ಕೆಲಸವನ್ನು ಮಾಡಿದವನು ತನ್ನ ಕೈಯಲ್ಲಿದ್ದ ವಸ್ತುವಿನ ಒಂದು ಮುಖ್ಯ ಗುಟ್ಟನ್ನು ಕಾಣದೆ ಹೋದನು. ಎರಡು ಬೇರೆ ಲೋಹಗಳು ಮುಟ್ಟಿದ ಮಾತ್ರಕ್ಕೆ ವಿದ್ಯುತ್ತು ಹುಟ್ಟಿ ಹರಿಯುತ್ತದೆ, ಒದ್ದೆ ಕಾಗದವು ಬರೇ ದಾರಿ, ಈ ಒರತೆಗೆ ಖರ್ಚೆಂಬದೇ ಇಲ್ಲ ಎಂದು ಅವನು ಕೊನೆಯ ತನಕ ಎಣಿಸಿದ್ದನು. ಆದರೆ ದಿನಗಳು ಹೋದಂತೆ ಅಟ್ಟಿಯ ಬಲವು ಕುಂದುತ್ತಿತ್ತು. ಬಿಚ್ಚಿ ನೋಡಿದರೆ ಸತುವಿನ ಬಿಲ್ಲೆಗಳು ಸವೆದು ತೂತುಬಿದ್ದು ಬೂದಿಬಣ್ಣದ ಹಿಟ್ಟು ಹಿಡಿದಿರುತ್ತಿದ್ದವು. ಅವನು ಅದನ್ನು ನೋಡಿದನು. ತೊಂದರೆಯೆಂದು ಎಣಿಸಿದನೇ ಹೊರತು ಕಾರಣವೆಂದು ಎಣಿಸಲಿಲ್ಲ. ಅದೇ ಕಾರಣವಾಗಿತ್ತು. ಬ್ಯಾಟರಿಯು ಸತುವನ್ನು ತಿಂದು ವಿದ್ಯುತ್ತನ್ನು ಕೊಡುತ್ತದೆ. ಒಲೆಯು ಸೌದೆಯನ್ನು ತಿಂದು ಬಿಸಿಯನ್ನು ಕೊಟ್ಟ ಹಾಗೆಯೇ.

ಇದು ಹೇಗೆಂದು ಹೊಳೆ ದಾಟುವವರ ಹೋಲಿಕೆಯಿಂದ ಹೇಳುತ್ತೇವೆ. ಸತುವಿನ ಒಂದೊಂದು ಪರಮಾಣುವೂ ಎಲೆಕ್ಟ್ರಾನುಗಳೆಂಬ ಎರಡು ಸಣ್ಣ ಹೊರೆಗಳನ್ನು ಹೊತ್ತು ದಡಕ್ಕೆ ಬಂದವನ ಹಾಗಿದೆ ಎಂದು ನೆನಸಿರಿ. ಉಪ್ಪುನೀರೇ ದೋಣಿ. ದೋಣಿಯಲ್ಲಿ ಆಳಿಗೆ ಸ್ಥಳವುಂಟು, ಹೊರೆಗೆ ಇಲ್ಲ. ಆದದರಿಂದ ಅವನು ಹೊರೆಯನ್ನು ದಡದಲ್ಲಿ ಬಿಟ್ಟು ನೀರಿಗಿಳಿಯುತ್ತಾನೆ. ಅಂದರೆ ಸತುವು ಕರಗುತ್ತದೆ. ಹೊರೆಗಳು ಸೇತುವೆಯ ಮೇಲೆ ಸುತ್ತಿಕೊಂಡು ಆಚೆಯ ದಡಕ್ಕೆ ಹೋಗಬೇಕು. ಆ ಸೇತುವೆಯೇ ತಂತಿ. ಆಚೆಯ ದಡವೇ ತಾಮ್ರ. ಅಲ್ಲಿ ಹೊರೆಗಾಗಿ ಕಾದಿರುವ ಜಲಜನಕವು ಅದನ್ನು ತಕ್ಕೊಂಡು ಗುಳ್ಳೆಯಾಗಿ ಏಳುತ್ತದೆ. ಹೊರೆಗಳು ಸೇತುವೆಯನ್ನು ದಾಟುವಾಗ ದಾರಿಯಲ್ಲಿ ಸಣ್ಣ ಬಲ್ಬನ್ನಿಟ್ಟರೆ ಅದು ಉರಿಯುತ್ತದೆ, ಯಂತ್ರವನ್ನಿಟ್ಟರೆ ಅದು ತಿರುಗುತ್ತದೆ. ಕೈದೀಪದ ಗುಂಡಿಯನ್ನು ಆರಿಸುವುದೆಂದರೆ ಸೇತುವೆಯನ್ನು ಎತ್ತಿಬಿಡುವುದು. ಆಗ ಹೊರೆಗಳು ದಡದಲ್ಲಿಯೇ ರಾಶಿಯಾಗಿ, ಬಳಿಕ ಬರುವವರಿಗೆ ಇಳಿಯಲು ಎಡೆಯಿಲ್ಲದೆ ಎಲ್ಲವೂ ನಿಲ್ಲುತ್ತದೆ. ಹೊರೆ ಹೊತ್ತು ಬರುವವರೇ ಮುಗಿದಾಗಲೂ, ಆಚೆ ತಕ್ಕೊಳ್ಳುವವರು ಮುಗಿದಾಗಲೂ ಸೆಲ್ಲು ಸತ್ತಿತು ಎನ್ನುತ್ತೇವೆ.

ಮನೆಯಲ್ಲಿಯೇ ಇದನ್ನು ನೋಡಬಹುದು. ಒಂದು ನಿಂಬೆಹಣ್ಣಿಗೆ ಇಲ್ಲವೆ ದೊಡ್ಡ ಬಿಂಬುಳಿಗೆ ತಾಮ್ರದ ತಂತಿಯ ತುಂಡನ್ನೂ ಸತುವಿನ ಲೇಪವುಳ್ಳ ಮೊಳೆಯನ್ನೂ ಒಂದಕ್ಕೊಂದು ಮುಟ್ಟದ ಹಾಗೆ ಚುಚ್ಚಿರಿ. ಇಂಥ ನಾಲ್ಕೈದು ಹಣ್ಣುಗಳನ್ನು, ಒಂದರ ಮೊಳೆ ಇನ್ನೊಂದರ ತಾಮ್ರಕ್ಕೆ ಸೇರುವಂತೆ ತಂತಿಗಳಿಂದ ಕಟ್ಟಿದರೆ, ಈಗ ಅಂಗಡಿಗಳಲ್ಲಿ ಸಿಕ್ಕುವ ಸಾಸಿವೆಯಂಥ ಕೆಂಪು ಎಲ್ಇಡಿ ದೀಪವು ಕತ್ತಲೆಯಲ್ಲಿ ಮಂದವಾಗಿ ಬೆಳಗುತ್ತದೆ. ಬೆಳಗದಿದ್ದರೆ ದೀಪದ ಕಾಲುಗಳನ್ನು ಅದಲುಬದಲು ಮಾಡಿರಿ. ಆ ಹಣ್ಣನ್ನು ಅನಂತರ ಸಾರಿಗೆ ಹಾಕಬೇಡಿರಿ, ಯಾಕಂದರೆ ಸತುವು ಅದರಲ್ಲಿ ಕರಗಿರುತ್ತದೆ.

ಇಷ್ಟು ಸತುವು ಕರಗಿದರೆ ಇಷ್ಟೇ ವಿದ್ಯುತ್ತು, ಎಳ್ಳಷ್ಟೂ ಹೆಚ್ಚಲ್ಲ ಎಂಬ ಲೆಕ್ಕವನ್ನು ಖಂಡಿತವಾಗಿ ಸ್ಥಾಪಿಸಿದವನು ಮೈಕೆಲ್ ಫ್ಯಾರಡೆ. ಲಂಡನಿನ ಒಬ್ಬ ಬಡ ಕಮ್ಮಾರನ ಮಗನಾದ ಇವನು ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸವನ್ನು ಕಲಿತು, ಅಲ್ಲಿಂದ ಡೇವಿಯ ಸಹಾಯಕನಾಗಿ ಸೇರಿದನು. 1814ರಲ್ಲಿ ಅವನು ಡೇವಿಯ ಸಂಗಡ ಮಿಲಾನಿಗೆ ಹೋಗಿದ್ದಾಗ, ಆಗ ಅರುವತ್ತೊಂಭತ್ತು ವರುಷದ ಮುದುಕನಾಗಿದ್ದ ವೋಲ್ಟನು ಅವರನ್ನು ಕಾಣಲು ಬಂದನು. ಲೋಕದ ಕಣ್ಣಿಗೆ ಒಬ್ಬನು ಕೌಂಟನು, ಇನ್ನೊಬ್ಬನು ಧಣಿಯ ಚೀಲ ಹೊರುವ ಹುಡುಗನು. ಇಪ್ಪತ್ತು ವರುಷಗಳ ಮೇಲೆ, ಬಾಸೆಲಿನವರು ಮಂಗಳೂರಿನಲ್ಲಿ ಬಂದಿಳಿದ 1834ನೆಯ ಇಸವಿಯಲ್ಲಿಯೇ, ಆ ಹುಡುಗನು ವೋಲ್ಟನ ಲೆಕ್ಕದಲ್ಲಿ ಬಿಟ್ಟುಹೋದ ಖರ್ಚಿನ ಪುಟವನ್ನು ಬರೆದು ಮುಗಿಸಿದನು. ಆಗ ವೋಲ್ಟನು ಜೀವದಿಂದಿರಲಿಲ್ಲ.

ಗುಳ್ಳೆಗಳದು ಮತ್ತೊಂದು ತೊಂದರೆ. ತಾಮ್ರವನ್ನು ಜಲಜನಕದ ಗುಳ್ಳೆಗಳು ಮುಚ್ಚಿಕೊಂಡರೆ ದಡವೇ ಮುಚ್ಚಿಹೋದಂತಾಗಿ ಬಲವು ಬೇಗ ಕುಗ್ಗುತ್ತದೆ. 1836ರಲ್ಲಿ ಇಂಗ್ಲೆಂಡಿನ ಡೇನಿಯಲನು ಇದಕ್ಕೆ ಮದ್ದು ಕಂಡುಹಿಡಿದನು. ಅವನು ತಾಮ್ರವನ್ನು ಮೈಲುತುತ್ತದ ನೀರಿನಲ್ಲಿಟ್ಟನು. ಅಡಿಕೆಯ ಕೊಳೆರೋಗಕ್ಕೆ ಸುಣ್ಣದೊಂದಿಗೆ ಕಲಸಿ ಸಿಂಪಡಿಸುವ ಆ ನೀಲಿ ಮೈಲುತುತ್ತವೇ. ಅದರಲ್ಲಿ ಗುಳ್ಳೆಗಳ ಬದಲಾಗಿ ತಾಮ್ರವೇ ತಾಮ್ರದ ಮೇಲೆ ಕೂಡುತ್ತದೆ. ಸತುವಿನ ಕಡೆಯ ನೀರೂ ಮೈಲುತುತ್ತದ ನೀರೂ ಬೆರೆಯದ ಹಾಗೆ ಎರಡರ ನಡುವೆ ಒಂದು ಗೋಡೆ ಬೇಕು. ಆದರೂ ಒದ್ದೆಯಾಗಿ ದಾರಿ ಕೊಡಬೇಕು. ಇದಕ್ಕೆ ಮೆರುಗುಹಾಕದ ಮಣ್ಣಿನ ಕುಡಿಕೆಯು ಬಹಳ ತಕ್ಕದ್ದಾಯಿತು. ಹೊಸ ಗಡಿಗೆಯು ಹೊರಗೆ ಬೆವರುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಂತಿಯ ಕಚೇರಿಗಳಲ್ಲಿ ಇಂಥ ಸೆಲ್ಲುಗಳು ಬಹುಕಾಲ ಕೆಲಸಮಾಡಿದವು.

1866ರಲ್ಲಿ ಫ್ರಾನ್ಸಿನ ಲೆಕ್ಲಾಂಶೆ ಎಂಬವನು ಸತುವನ್ನು ನವಸಾಗರದ ನೀರಿನಲ್ಲಿಟ್ಟು, ತಾಮ್ರದ ಸ್ಥಾನದಲ್ಲಿ ಇದ್ದಲಿನ ಕೋಲನ್ನೂ ಅದರ ಸುತ್ತ ಮ್ಯಾಂಗನೀಸಿನ ಕಪ್ಪು ಹುಡಿಯನ್ನೂ ಇಟ್ಟನು. ಗುಳ್ಳೆಯಾಗಬೇಕಾದ ಜಲಜನಕವನ್ನು ಆ ಹುಡಿಯು ನುಂಗಿಬಿಡುತ್ತದೆ. 1886ರಲ್ಲಿ ಜರ್ಮನಿಯ ಗಾಸ್ನರನು ನೀರಿಗೆ ಬದಲು ಗಟ್ಟಿಯಾದ ಸರಿಯಂಥ ಮಿಶ್ರಣವನ್ನು ತುಂಬಿ, ಸತುವಿನ ಡಬ್ಬಿಯನ್ನೇ ಹೊರಗಿನ ಪಾತ್ರೆಯಾಗಿ ಮಾಡಿದನು. ಅದೇ ನಮ್ಮ ಕೈದೀಪದ ಒಣ ಸೆಲ್ಲು. ಒಣ ಎಂಬ ಹೆಸರಿದ್ದರೂ ಒಳಗೆ ತೇವವುಂಟು. ಪೂರಾ ಒಣಗಿದರೆ ಅದು ಕೆಲಸಮಾಡದು. ಹಳೆಯ ಸೆಲ್ಲನ್ನು ತಿಂಗಳುಗಟ್ಟಲೆ ಕೈದೀಪದಲ್ಲಿ ಬಿಟ್ಟರೆ ಅಂಟುನೀರು ಸೋರುವುದೂ ಸತುವಿನ ಡಬ್ಬಿಯು ಸವೆದು ತೂತುಬಿದ್ದದರಿಂದಲೇ. ಸತುವನ್ನು ಹುಡಿಯಾಗಿ ಮಾಡಿ ಕ್ಷಾರದಲ್ಲಿಟ್ಟ ಆಲ್ಕಲೈನ್ ಸೆಲ್ಲು ಇದರ ತಮ್ಮನು. ಹೆಚ್ಚು ದಿನ ಬಾಳುತ್ತದೆ. ಇವುಗಳ ಬಲವು ಒಂದೂವರೆ ವೋಲ್ಟು. ಖರ್ಚಾದ ಮೇಲೆ ಇವುಗಳಿಗೆ ಪುನಃ ಜೀವವಿಲ್ಲ. ಬಿಸಿಲಿನಲ್ಲಿಟ್ಟು ಒಂದೆರಡು ಸಂಜೆ ಉರಿಸುವ ಉಪಾಯವನ್ನು ಹಳ್ಳಿಯವರು ಬಲ್ಲರು; ಅದರಿಂದ ಕರಗಿದ ಸತುವು ಮರಳಿ ಬರುವುದಿಲ್ಲ.

ಮರಳಿ ಜೀವ ಬರುವ ಬ್ಯಾಟರಿಯನ್ನು ಮೊದಲು ಮಾಡಿದವನು ಫ್ರಾನ್ಸಿನ ಪ್ಲಾಂಟೆ, 1859ರಲ್ಲಿ. ಎರಡು ಸೀಸದ ತಗಡುಗಳನ್ನು ನೀರು ಬೆರೆಸಿದ ಗಂಧಕಾಮ್ಲದಲ್ಲಿಟ್ಟು, ಹೊರಗಿನಿಂದ ವಿದ್ಯುತ್ತನ್ನು ಹರಿಸಿದರೆ, ಒಂದು ತಗಡಿನ ಮೇಲೆ ಕಂದುಬಣ್ಣದ ಪದರವು ಕೂಡುತ್ತದೆ. ಬಳಿಕ ಅದು ತಾನೇ ವಿದ್ಯುತ್ತನ್ನು ಕೊಡುತ್ತದೆ. ಕೊಡುತ್ತಾ ಕೊಡುತ್ತಾ ಎರಡು ತಗಡುಗಳೂ ಸೀಸ ಮತ್ತು ಗಂಧಕದ ಒಂದೇ ಬಿಳಿ ಉಪ್ಪಾಗಿ, ಆಮ್ಲವು ನೀರಿನಂತೆ ತೆಳ್ಳಗಾಗುತ್ತದೆ. ಪುನಃ ವಿದ್ಯುತ್ತನ್ನು ಹಿಮ್ಮುಖವಾಗಿ ಹರಿಸಿದರೆ ಎಲ್ಲವೂ ಮೊದಲಿನ ಸ್ಥಿತಿಗೆ ಬರುತ್ತವೆ. ಬತ್ತಿದ ಗದ್ದೆಗೆ ಏತದಿಂದ ನೀರನ್ನು ಎತ್ತಿ ಹಾಕಿದ ಹಾಗೆ; ಇಲ್ಲಿಯೂ ಎತ್ತಿದವನ ಶ್ರಮಕ್ಕಿಂತ ಹೆಚ್ಚೇನೂ ಸಿಕ್ಕುವುದಿಲ್ಲ, ಸ್ವಲ್ಪ ಕಡಿಮೆಯೇ ಸಿಕ್ಕುತ್ತದೆ. ಬಸ್ಸು ಲಾರಿಗಳಲ್ಲಿಯೂ, ಮಳೆಗಾಲದಲ್ಲಿ ಕರೆಂಟು ಹೋದಾಗ ಮನೆಯನ್ನು ಬೆಳಗಿಸುವ ಇನ್ವರ್ಟರಿನ ಅಡಿಯಲ್ಲಿಯೂ ಹೆಚ್ಚಾಗಿ ಇರುವುದು ಈ ಸೀಸದ ಬ್ಯಾಟರಿಯೇ. ಒಂದು ಕೋಣೆಗೆ ಎರಡು ವೋಲ್ಟಿನಂತೆ ಆರು ಕೋಣೆಗಳು ಕೂಡಿ ಹನ್ನೆರಡಾಗುತ್ತವೆ. ಅದಕ್ಕೆ ಬಾವಿಯ ನೀರನ್ನು ಹೊಯ್ಯಬಾರದು, ಬಟ್ಟಿ ಇಳಿಸಿದ ನೀರನ್ನೇ ಹೊಯ್ಯಬೇಕು. ಪೂರಾ ಬರಿದಾಗಿ ಬಹಳ ದಿನ ಬಿಟ್ಟರೆ ಆ ಬಿಳಿ ಉಪ್ಪು ಗಟ್ಟಿಯಾಗಿ ಮರಳಿ ಕರಗುವುದಿಲ್ಲ. ತುಂಬುವಾಗ ಜಲಜನಕವು ಹೊರಡುವುದರಿಂದ ಹತ್ತಿರ ಬೆಂಕಿಕಡ್ಡಿಯನ್ನು ಗೀರಬಾರದು. ಹಳೆಯದನ್ನು ಹಿತ್ತಿಲಲ್ಲಿ ಒಡೆದು ಸೀಸವನ್ನು ಕರಗಿಸುವುದು ಮಕ್ಕಳ ಬುದ್ಧಿಯನ್ನೇ ಕೆಡಿಸುವ ವಿಷವನ್ನು ಮನೆಯೊಳಗೆ ತಂದಂತೆ.

ನಿಕ್ಕಲಿನ ಬ್ಯಾಟರಿಗಳನ್ನು 1899ರಲ್ಲಿ ಸ್ವೀಡನಿನ ಯುಂಗ್ನರನೂ, ಅವನ ಹಿಂದೆಯೇ ಅಮೇರಿಕದ ಎಡಿಸನನೂ ಮಾಡಿದರು. ಈಗ ಎಲ್ಲಕ್ಕಿಂತ ಮುಂದೆ ಬಂದಿರುವುದು ಲಿಥಿಯಮಿನ ಬ್ಯಾಟರಿ. ಲಿಥಿಯಂ ಎಲ್ಲಾ ಲೋಹಗಳಲ್ಲಿ ಹಗುರವಾದದ್ದು. ನೀರನ್ನು ಕಂಡರೆ ಕೆರಳುವಂಥದ್ದು. ಆದದರಿಂದ ಅದರ ಬ್ಯಾಟರಿಯಲ್ಲಿ ನೀರಿಲ್ಲದ ಬೇರೆ ದ್ರವವನ್ನು ತುಂಬುತ್ತಾರೆ. ಲಿಥಿಯಮಿನ ಕಣಗಳು ಕೊಡುವಾಗ ಒಂದು ದಡಕ್ಕೂ, ತುಂಬುವಾಗ ಇನ್ನೊಂದು ದಡಕ್ಕೂ ಹೋಗಿಬರುತ್ತಾ ಇರುತ್ತವೆ. ಇದು 1991ರಲ್ಲಿ ಜಪಾನಿನಿಂದ ಮಾರಾಟಕ್ಕೆ ಬಂತು. ಇದನ್ನು ಸಾಧಿಸಿದ ಮೂವರು ಪಂಡಿತರಿಗೆ 2019ರಲ್ಲಿ ನೊಬೆಲ್ ಬಹುಮಾನವು ದೊರಕಿತು. ಮೊಬೈಲು ಫೋನು, ವಿದ್ಯುತ್ತಿನಿಂದ ಓಡುವ ಸ್ಕೂಟರುಗಳಲ್ಲಿರುವುದು ಇದೇ. ನಮ್ಮ ರಾಜ್ಯದ ಮಂಡ್ಯ ಜಿಲ್ಲೆಯ ಮರಳಗಾಲ ಎಂಬಲ್ಲಿಯ ಬಂಡೆಗಳಲ್ಲಿ ಸುಮಾರು 1,600 ಟನ್ನು ಲಿಥಿಯಂ ಇದೆಯೆಂದು ಸರಕಾರದ ಶೋಧಕರು ಅಂದಾಜುಮಾಡಿದ್ದಾರೆ. ದೇಶದ ಅಗತ್ಯದ ಮುಂದೆ ಅದು ಸ್ವಲ್ಪವೇ. ಉಬ್ಬಿದ ಇಲ್ಲವೆ ತೂತಾದ ಲಿಥಿಯಂ ಬ್ಯಾಟರಿಯು ಬೆಂಕಿ ಹಿಡಿಯಬಹುದು. ಗಡಿಯಾರದ ಗುಂಡಿಯಂಥ ಸೆಲ್ಲನ್ನು ಮಗುವು ನುಂಗಿದರೆ ಅದು ಗಂಟಲಿನ ಒದ್ದೆಯಲ್ಲಿ ಕೆಲಸಮಾಡತೊಡಗಿ ಎರಡೇ ತಾಸುಗಳಲ್ಲಿ ಒಳಗೆ ಸುಡುತ್ತದೆ. ತಡಮಾಡದೆ ಆಸ್ಪತ್ರೆಗೆ ಕೊಂಡುಹೋಗಬೇಕು.

ಪುನಃ ವೋಲ್ಟನ ಮಾತಿಗೆ ಬರೋಣ. ಅವನು 1794ರಲ್ಲಿ, ಸುಮಾರು ಐವತ್ತನೆಯ ವರುಷದಲ್ಲಿ, ತೆರೇಸಳೆಂಬವಳನ್ನು ಮದುವೆಯಾಗಿದ್ದನು. ಅವರಿಗೆ ಮೂವರು ಗಂಡುಮಕ್ಕಳು. ಅವರಲ್ಲಿ ಒಬ್ಬನು 1814ರಲ್ಲಿ ಹದಿಹರೆಯದಲ್ಲಿಯೇ ತೀರಿಹೋದದ್ದು ತಂದೆಯನ್ನು ಬಹಳವಾಗಿ ಕುಗ್ಗಿಸಿತು. ಬಿರುದುಗಳು ಬಂದ ಮೇಲೆ ಅವನು ಹೊಸದಾಗಿ ಹೆಚ್ಚೇನನ್ನೂ ಕಂಡುಹಿಡಿಯಲಿಲ್ಲ. ತನ್ನ ಅಟ್ಟಿಯಿಂದ ಬೇರೆಯವರು ಮಾಡಿದ ಅದ್ಭುತಗಳನ್ನು ಕೇಳುತ್ತಾ ಇದ್ದನು. ಅವರ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದು ಎಲ್ಲಿಯೂ ಕಾಣುವುದಿಲ್ಲ. 1819ರಲ್ಲಿ ಎಲ್ಲಾ ಉದ್ಯೋಗಗಳನ್ನು ಬಿಟ್ಟು ಹುಟ್ಟೂರಿಗೆ ಹಿಂತಿರುಗಿದನು. 1827ನೆಯ ಇಸವಿ ಮಾರ್ಚ್ 5ರಂದು ತನ್ನ ಎಂಭತ್ತೆರಡನೆಯ ವರುಷದಲ್ಲಿ ತೀರಿಕೊಂಡನು. ಕೋಮೊದ ಬಳಿಯ ಕಾಮ್ನಾಗೊ ಎಂಬ ಹಳ್ಳಿಯಲ್ಲಿ ಅವನ ಸಮಾಧಿಯಿದೆ.

1881ರಲ್ಲಿ ಪ್ಯಾರಿಸಿನಲ್ಲಿ ನಾನಾ ದೇಶಗಳ ಪಂಡಿತರು ಕೂಡಿ, ವಿದ್ಯುತ್ತಿನ ಒತ್ತಡದ ಅಳತೆಗೆ ವೋಲ್ಟೆಂದು ಹೆಸರಿಟ್ಟರು. 1899ರಲ್ಲಿ ಬ್ಯಾಟರಿಯ ನೂರನೆಯ ವರುಷದ ಉತ್ಸವಕ್ಕಾಗಿ ಕೋಮೊದಲ್ಲಿ ಒಂದು ದೊಡ್ಡ ಪ್ರದರ್ಶನವನ್ನು ಏರ್ಪಡಿಸಿ, ಅವನು ಕೈಯಿಂದ ಮುಟ್ಟಿದ ಉಪಕರಣಗಳನ್ನೂ ಕಾಗದಗಳನ್ನೂ ಅಲ್ಲಿ ಇಟ್ಟಿದ್ದರು. ಜುಲೈ ತಿಂಗಳಿನಲ್ಲಿ ಆ ಮರದ ಕಟ್ಟಡಕ್ಕೆ ಬೆಂಕಿ ಬಿದ್ದು ಅವುಗಳಲ್ಲಿ ಬಹು ಪಾಲು ನಾಶವಾಯಿತು. ಬೂದಿಯಿಂದ ಹೆಕ್ಕಿ ತೆಗೆದ ಸ್ವಲ್ಪವನ್ನೂ, ಉಳಿದವುಗಳ ಮಾದರಿಗಳನ್ನೂ, ಅವನು ಸತ್ತ ನೂರನೆಯ ವರುಷದ ನೆನಪಿಗಾಗಿ ಸರೋವರದ ದಡದಲ್ಲಿ ಕಟ್ಟಿಸಿದ ಸ್ಮಾರಕಮಂದಿರದಲ್ಲಿ ಇಟ್ಟಿದ್ದಾರೆ.